ನದಿ ಕಪ್ಪಾದಾಗ ಮೀನುಗಾರರ ಮನೆಯಲ್ಲಿ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯಲ್ಲಿ ಕಾವೇರಿಯ ಉಪನದಿಯೊಂದರ ದಂಡೆಯ ಊರು. ತಲೆಮಾರುಗಳಿಂದ ಮೀನು ಹಿಡಿದೇ ಬದುಕುತ್ತಿರುವ ಬೆಸ್ತರ ಕುಟುಂಬ. ಪ್ರತಿವರ್ಷ ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಮೇಲಿನಿಂದ ಡಿಕಾಕ್ಷನ್ ಬಣ್ಣದ, ನೊರೆ ಕಟ್ಟಿದ ನೀರು ಬರುತ್ತದೆ. ಮೀನು ಸತ್ತು ತೇಲುತ್ತವೆ. ಅಪ್ಪ ಮತ್ತು ಚಿಕ್ಕಪ್ಪನ ಕೈಕಾಲುಗಳ ತುರಿಕೆ, ಬಿರುಕು ವರ್ಷವಿಡೀ ವಾಸಿಯಾಗುವುದಿಲ್ಲ. ನನ್ನ ಹೆಂಡತಿಗೆ ಈಗ ನಾಲ್ಕು ತಿಂಗಳು. ನಾವು ಹಿಡಿದ ಮೀನನ್ನು ಅವಳು ತಿನ್ನಬಹುದೇ? ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕೇ? ಕಾರ್ಖಾನೆಗಳು ಬಹಳ ದೂರ ಇವೆ, ಅಷ್ಟು ದೂರದಿಂದ ತೊಂದರೆಯಾಗದು ಎನ್ನುತ್ತಾರೆ, ನಿಜವೇ? ಮೀನು ಸತ್ತದ್ದಕ್ಕೆ ಒಂದಿಷ್ಟು ಹಣ ಕೊಟ್ಟು ಸಹಿ ಹಾಕಿಸಿಕೊಳ್ಳುವ ಮಾತೂ ಕೇಳಿಬರುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ನದಿಯಲ್ಲಿ ಮೀನು ಸಾಯುವುದು ಒಂದು. ನದಿಯಿಂದಾಗಿ ಮನೆಯವರ ಆರೋಗ್ಯ ಕೆಡುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಮೀನನ್ನು ರಾತ್ರೋರಾತ್ರಿ ಕೊಲ್ಲುವ ಕಲ್ಮಶ ಮನುಷ್ಯನ ದೇಹದಲ್ಲಿ ಹೆಚ್ಚು ದಿನ ನಿಲ್ಲದೇ ಇರಬಹುದು. ಮನುಷ್ಯನ ನರವನ್ನೋ ಮೂತ್ರಪಿಂಡವನ್ನೋ ವರ್ಷಗಟ್ಟಲೆ ಕೆಡಿಸುವ ಕಲ್ಮಶ ಮೀನನ್ನು ಕೊಲ್ಲದೆಯೂ ಇರಬಹುದು. ಸತ್ತ ಮೀನು ಎಲ್ಲರ ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಅಧಿಕಾರಿಗಳು ಬಂದು ನೋಡಿ ಹೋಗುತ್ತಾರೆ. ಮೀನುಗಾರರ ಆರೋಗ್ಯದ ದೃಷ್ಟಿಯಿಂದ ಹೆಚ್ಚು ಗಮನ ಸಲ್ಲಬೇಕಾದದ್ದು ಉಳಿದ ಮುನ್ನೂರು ದಿನ ಬಲೆಗೆ ಜೀವಂತವಾಗಿ ಬಿದ್ದು, ನೋಡಲು ಚೆನ್ನಾಗಿಯೇ ಇದ್ದು, ನಿಮ್ಮ ಮನೆಯ ಸಾರಿನ ಪಾತ್ರೆಗೆ ಬರುವ ಮೀನಿಗೆ. ಆ ಮೀನನ್ನು ಪರೀಕ್ಷಿಸುವವರು ಬಹಳ ಕಡಿಮೆ.

ಮೊದಲು ಮೀನು ಸಾಯುವ ವಿಚಾರ. ಡಿಕಾಕ್ಷನ್ ಬಣ್ಣ, ನೊರೆ, ಮೊದಲ ಮಳೆಯ ಕಾಲ ಎಂದು ನೀವು ಬರೆದಿರುವುದನ್ನು ನೋಡಿದರೆ, ಸಾವಯವ ಕಲ್ಮಶ ಒಮ್ಮೆಲೇ ನದಿಗೆ ಸೇರಿ ನೀರಿನ ಆಮ್ಲಜನಕ ಬರಿದಾಗುವುದೇ ಮುಖ್ಯ ಕಾರಣವೆಂದು ಮೊದಲು ಶಂಕಿಸಬೇಕಾಗುತ್ತದೆ. ಕಬ್ಬಿನ ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಎಂಬ ಕಂದು ದ್ರವ, ಸಕ್ಕರೆ ಮತ್ತು ಕಾಗದದ ಕಾರ್ಖಾನೆಗಳ ತ್ಯಾಜ್ಯ, ಪಟ್ಟಣದ ಒಳಚರಂಡಿ ನೀರು, ಇವೆಲ್ಲ ಈ ಗುಂಪಿಗೆ ಸೇರಿದವು. ಇವುಗಳನ್ನು ಅಳೆಯುವುದು ಬಿ.ಒ.ಡಿ. ಎಂಬ ಮಾನದಿಂದ: ಒಂದು ಲೀಟರ್ ನೀರಿನಲ್ಲಿರುವ ಕಲ್ಮಶವನ್ನು ಸೂಕ್ಷ್ಮಜೀವಿಗಳು ಕರಗಿಸಲು ಎಷ್ಟು ಮಿಲಿಗ್ರಾಂ ಆಮ್ಲಜನಕ ಬಳಸುತ್ತವೆ ಎಂಬ ಲೆಕ್ಕ. ಸಂಸ್ಕರಿಸದ ಸ್ಪೆಂಟ್ ವಾಶ್‌ನಲ್ಲಿ ಇದು ಸುಮಾರು 40,000ದಿಂದ 50,000 ಮಿಲಿಗ್ರಾಂ. ನದಿಗೆ ಬಿಡುವ ಕೈಗಾರಿಕಾ ನೀರಿಗೆ ನಮ್ಮಲ್ಲಿರುವ ಸಾಮಾನ್ಯ ಮಿತಿ 30 ಮಿಲಿಗ್ರಾಂ. ಡಿಸ್ಟಿಲರಿಗಳಂತೂ ಹೊರಗೆ ಒಂದು ಹನಿಯನ್ನೂ ಬಿಡಬಾರದೆಂಬ ನಿಯಮವಿದೆ. ಬೇಸಿಗೆಯ ಕೊನೆಯಲ್ಲಿ, ನೀರು 30 ಡಿಗ್ರಿ ಸೆಲ್ಸಿಯಸ್ ಇರುವಾಗ, ಅದು ಹಿಡಿದಿಡಬಲ್ಲ ಆಮ್ಲಜನಕವೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಅಂದರೆ 45,000 ಬಿ.ಒ.ಡಿ. ಇರುವ ಒಂದು ಲೀಟರ್ ಸ್ಪೆಂಟ್ ವಾಶ್ ಆರು ಸಾವಿರ ಲೀಟರ್ ನದಿನೀರಿನ ಆಮ್ಲಜನಕಕ್ಕೆ ಸಮನಾದಷ್ಟನ್ನು ನುಂಗಬಲ್ಲದು. ಹತ್ತು ಸಾವಿರ ಲೀಟರಿನ ಒಂದೇ ಟ್ಯಾಂಕರ್ ಬರಿದಾದರೆ ಆರು ಕೋಟಿ ಲೀಟರ್. ಮೇ ತಿಂಗಳಲ್ಲಿ ನಮ್ಮ ಉಪನದಿಗಳಲ್ಲಿ ಹರಿವು ಎಷ್ಟು ಕ್ಷೀಣವಾಗಿರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2018ರ ಮೇ ತಿಂಗಳಲ್ಲಿ ಪಂಜಾಬಿನ ಬಿಯಾಸ್ ನದಿಗೆ ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ ಹರಿದು ಅಪಾರ ಮೀನು ಸತ್ತಾಗ ನಡೆದದ್ದು ಇದೇ. ಕಾಕಂಬಿ ದನಕ್ಕೆ ತಿನ್ನಿಸುವ ವಸ್ತು, ವಿಷವಲ್ಲ. ಆದರೂ ನದಿ ಉಸಿರುಗಟ್ಟಿತು.

ಮಳೆಯ ಕಾಲಕ್ಕೇ ಇದಾಗುವುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ತ್ಯಾಜ್ಯದ ಹೊಂಡಗಳು ಮಳೆನೀರು ಸೇರಿ ಉಕ್ಕುತ್ತವೆ. ಕೆಲವೊಮ್ಮೆ ಮಳೆಯ ಮರೆಯಲ್ಲಿ ಬೇಕೆಂದೇ ತೆರೆಯುತ್ತಾರೆ. ಬೇಸಿಗೆಯಿಡೀ ಹಳ್ಳಗಳಲ್ಲಿ, ಚರಂಡಿಗಳಲ್ಲಿ ಕೂತಿದ್ದ ಕೊಳೆಯೆಲ್ಲ ಮೊದಲ ನೀರಿಗೆ ಕೊಚ್ಚಿಕೊಂಡು ಬರುತ್ತದೆ. ಯಾವುದರ ಪಾಲು ಎಷ್ಟು ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಆದರೆ ಕಾರಣ ಉಸಿರುಗಟ್ಟುವಿಕೆಯೋ ವಿಷವೋ ಎಂಬ ಮೊದಲ ಅಂದಾಜನ್ನು ದಂಡೆಯ ಮೇಲೆ ನಿಂತು ನೀವೇ ಮಾಡಬಹುದು. ನೀರಿನ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು. ಆ ಹೊತ್ತಿಗೆ ಕಾಟ್ಲಾ, ರೋಹು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ದೊಡ್ಡ ಮೀನುಗಳು ಮೊದಲು ಸತ್ತರೆ, ಅದು ಉಸಿರುಗಟ್ಟುವಿಕೆಯ ಲಕ್ಷಣ. ಕೊರವ, ಮುರುಗೋಡು ಮೊದಲಾದವು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು. ಆಮ್ಲಜನಕ ಇಲ್ಲದ ನೀರಿನಲ್ಲೂ ಅವು ಬದುಕುತ್ತವೆ. ಅವೂ ಸತ್ತಿದ್ದರೆ, ಅಥವಾ ನಡುಹಗಲಿನಲ್ಲಿ ಸಣ್ಣದು ದೊಡ್ಡದೆನ್ನದೆ ಎಲ್ಲ ಜಾತಿಯ ಮೀನು ಒಟ್ಟಿಗೆ ಸತ್ತರೆ, ಏಡಿ ದಡಕ್ಕೆ ಹತ್ತಿ ಸತ್ತರೆ, ನೀರಿನಲ್ಲಿ ವಿಷವಿದೆ ಎಂದೇ ತಿಳಿದು ನಡೆಯಬೇಕು. ಅಂದು ಯಾರೂ ನೀರಿಗಿಳಿಯಬಾರದು, ದನಕ್ಕೂ ಕುಡಿಸಬಾರದು. ಯಾವ ಕಾರಣಕ್ಕೇ ಸತ್ತಿರಲಿ, ತೇಲಿದ ಮೀನನ್ನು ತಿನ್ನುವುದಾಗಲಿ, ಉಪ್ಪು ಹಾಕಿ ಒಣಗಿಸುವುದಾಗಲಿ, ಮಾರುವುದಾಗಲಿ ಬೇಡ.

ಇನ್ನು ಎರಡನೆಯ ಬಗೆಯ ಕಲ್ಮಶ. ಪಾದರಸ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದ ಲೋಹಗಳು, ಕ್ಲೋರಿನ್ ಸೇರಿದ ಕೆಲವು ರಾಸಾಯನಿಕಗಳು ಈ ವರ್ಗದವು. ಬ್ಯಾಟರಿ, ಲೋಹಲೇಪನ, ಬಣ್ಣ ಹಾಕುವ ಘಟಕ, ಕ್ಲೋರಿನ್‌ನಿಂದ ಬಿಳುಪು ಮಾಡುವ ಕಾಗದದ ಕಾರ್ಖಾನೆ, ಕೆಲವು ರಾಸಾಯನಿಕ ಘಟಕಗಳು ಇವುಗಳ ಮೂಲವಾಗಬಲ್ಲವು. ಇವು ನೀರಿಗೆ ಬಣ್ಣವನ್ನಾಗಲಿ ವಾಸನೆಯನ್ನಾಗಲಿ ಕೊಡಬೇಕೆಂದಿಲ್ಲ. ನದಿಯ ತಳದ ಹೂಳಿನಲ್ಲಿ ಕೂರುತ್ತವೆ. ಪಾದರಸವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಅದನ್ನು ತಿನ್ನುವ ಬಾಳೆ ಮೀನಿಗೆ ಹೋಗುತ್ತಾ ಪ್ರತಿ ಹಂತದಲ್ಲೂ ಸಾಂದ್ರವಾಗುತ್ತದೆ.

ಜಪಾನಿನ ಮಿನಮಾಟ ಎಂಬ ಮೀನುಗಾರರ ಊರಿನಲ್ಲಿ 1956ರ ಮೇ 1ರಂದು ಮೀಥೈಲ್ ಪಾದರಸದಿಂದ ಬರುವ ಕಾಯಿಲೆ ಮೊದಲ ಬಾರಿಗೆ ಅಧಿಕೃತವಾಗಿ ದಾಖಲಾಯಿತು. ಕೈಬೆರಳು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ನೋಟ ಕಿರಿದಾಗುವುದು, ಮಾತು ತೊದಲುವುದು, ಕಿವಿ ಮಂದವಾಗುವುದು ಅದರ ಲಕ್ಷಣಗಳು. ತಾಯಿಗೆ ಅಷ್ಟೇನೂ ತೊಂದರೆ ಕಾಣಿಸದಿದ್ದರೂ ಹೊಟ್ಟೆಯಲ್ಲಿದ್ದ ಮಗುವಿನ ಮೆದುಳಿಗೆ ತೀವ್ರ ಹಾನಿಯಾಗಿರುತ್ತಿತ್ತು. ಪಾದರಸ ಬಿಡುತ್ತಿದ್ದ ಅಲ್ಲಿಯ ಕಾರ್ಖಾನೆ 1959ರ ಡಿಸೆಂಬರಿನಲ್ಲಿ ತ್ಯಾಜ್ಯ ಶುದ್ಧೀಕರಿಸುವ ದೊಡ್ಡ ಯಂತ್ರವನ್ನು ಸ್ಥಾಪಿಸಿತು. ಜನ ನಂಬಿದರು. ಆದರೆ ಆ ಯಂತ್ರವನ್ನು ಪಾದರಸ ತೆಗೆಯುವುದಕ್ಕೆಂದು ರೂಪಿಸಿರಲಿಲ್ಲ. ಪಾದರಸ 1968ರವರೆಗೂ ಹರಿಯಿತು. ನಮ್ಮಲ್ಲಿಯೂ ಕಾರ್ಖಾನೆಯವರು ಶುದ್ಧೀಕರಣ ಘಟಕವಿದೆ ಎಂದು ಹೇಳಿದಾಗ ಕೇಳಬೇಕಾದ ಪ್ರಶ್ನೆ ಅದು ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ. ಯಾವ ಯಾವ ವಸ್ತುವನ್ನು ತೆಗೆಯಲು ಅದನ್ನು ಕಟ್ಟಲಾಗಿದೆ ಎಂಬುದೂ ಹೌದು. ಬಿ.ಒ.ಡಿ. ಇಳಿಸುವ ಘಟಕ ಲೋಹವನ್ನು ತೆಗೆಯಬೇಕೆಂದಿಲ್ಲ.

ದೂರದ ಪ್ರಶ್ನೆಗೂ ಜಪಾನಿನಲ್ಲೇ ಉತ್ತರವಿದೆ. 1965ರಲ್ಲಿ ನೀಗಾಟ ಪ್ರಾಂತ್ಯದ ಅಗಾನೊ ನದಿಯ ಕೆಳದಂಡೆಯಲ್ಲಿ ಮೀನು ಹಿಡಿದು ತಿನ್ನುತ್ತಿದ್ದ ಕುಟುಂಬಗಳಲ್ಲಿ ಅದೇ ಕಾಯಿಲೆ ಕಾಣಿಸಿತು. ಪಾದರಸ ಬಿಟ್ಟಿದ್ದ ಕಾರ್ಖಾನೆ ಸುಮಾರು 60 ಕಿಲೋಮೀಟರ್ ಮೇಲೆ ಇತ್ತು. ಸಾವಯವ ಕಲ್ಮಶವಾದರೆ ಹರಿಯುತ್ತಾ ಹರಿಯುತ್ತಾ ಕರಗುತ್ತದೆ, ನದಿ ಚೇತರಿಸಿಕೊಳ್ಳುತ್ತದೆ. ದೂರ ಹೆಚ್ಚಿದಷ್ಟೂ ತೊಂದರೆ ಕಡಿಮೆ ಎಂಬ ಮಾತು ಅಲ್ಲಿ ಬಹುಮಟ್ಟಿಗೆ ನಿಜ. ಲೋಹ ಕರಗಿ ಇಲ್ಲವಾಗುವುದಿಲ್ಲ. ಹೂಳಿನ ಜೊತೆ ಮುಂದೆ ಮುಂದೆ ಸಾಗಿ, ನೀರು ನಿಧಾನವಾಗುವ ಮಡುವಿನಲ್ಲಿ, ಕಟ್ಟೆಯ ಹಿಂದೆ ಶೇಖರವಾಗುತ್ತದೆ. ಮೀನು ಹೆಚ್ಚು ಸಿಗುವುದೂ ಅಂಥ ಜಾಗಗಳಲ್ಲೇ. ಹೀಗಾಗಿ ದೂರವಿದೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಿರಬಹುದು ಎಂಬ ಮಾತನ್ನು ನಾನು ಒಪ್ಪಲಾರೆ.

ಇಷ್ಟು ಹೇಳಿದೆನೆಂದು ನಿಮ್ಮ ನದಿಯಲ್ಲಿ ಪಾದರಸವಿದೆ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಹಾಗೆ ಹೇಳಲು ಮೀನಿನ, ಹೂಳಿನ ಪರೀಕ್ಷೆಯೇ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ 351 ಮಲಿನ ನದಿಭಾಗಗಳನ್ನು ಗುರುತಿಸಿದಾಗ ಕರ್ನಾಟಕದ ಪಾಲಿಗೆ 17 ಬಂದವು. ಕಾವೇರಿ, ಕಬಿನಿ, ಶಿಂಷಾ, ಲಕ್ಷ್ಮಣತೀರ್ಥಗಳ ಭಾಗಗಳು ಅದರಲ್ಲಿವೆ. ಆದರೆ ಆ ಪಟ್ಟಿ ತಯಾರಾದದ್ದು ಬಿ.ಒ.ಡಿ. ಆಧಾರದ ಮೇಲೆ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಮಲಿನ, 30 ದಾಟಿದರೆ ಮೊದಲ ಆದ್ಯತೆ. ಮೀನಿನ ಮಾಂಸದಲ್ಲಿ ಏನಿದೆ ಎಂಬ ಪ್ರಶ್ನೆಗೆ ಆ ಪಟ್ಟಿ ಉತ್ತರ ಕೊಡುವುದಿಲ್ಲ, ಕೊಡಲೆಂದು ಮಾಡಿದ್ದೂ ಅಲ್ಲ. ನನ್ನ ಮುಖ್ಯ ತಕರಾರು ಇಲ್ಲೇ ಇದೆ. ನದಿಯನ್ನು ನಾವು ಸ್ನಾನಕ್ಕೆ ಯೋಗ್ಯವೋ, ಕುಡಿಯುವ ನೀರಿನ ಮೂಲಕ್ಕೆ ಯೋಗ್ಯವೋ, ಮೀನು ಬದುಕಲು ಯೋಗ್ಯವೋ ಎಂದು ಬೇರೆ ಬೇರೆಯಾಗಿ ಅಳೆಯುತ್ತೇವೆ. ಮೀನುಗಾರನಾದರೋ ದಿನಕ್ಕೆ ಆರೆಂಟು ಗಂಟೆ ಅದೇ ನೀರಿನಲ್ಲಿ ನಿಂತಿರುತ್ತಾನೆ, ಕೈಯಲ್ಲಿ ಗಾಯವಿದ್ದಾಗಲೂ ಬಲೆ ಎಳೆಯುತ್ತಾನೆ, ದಂಡೆಯ ಬೋರ್‌ವೆಲ್ಲಿನ ನೀರು ಕುಡಿಯುತ್ತಾನೆ, ಮಾರಾಟವಾಗದೆ ಉಳಿದ ಮೀನನ್ನು ಮನೆಯವರೆಲ್ಲ ತಿನ್ನುತ್ತಾರೆ. ಎಲ್ಲ ದಾರಿಗಳಿಂದಲೂ ಒಟ್ಟಿಗೆ ನದಿ ಅವನ ಮೈಸೇರುತ್ತದೆ. ಅವನನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಮಿತಿ ಒಂದೂ ಇಲ್ಲ.

ತಿನ್ನುವ ಮೀನಿನ ಲೆಕ್ಕವನ್ನೇ ನೋಡಿ. ಅಂತರರಾಷ್ಟ್ರೀಯ ತಜ್ಞರ ಸಮಿತಿ 2003ರಲ್ಲಿ ನಿಗದಿಪಡಿಸಿದಂತೆ, ಗರ್ಭದಲ್ಲಿರುವ ಮಗುವಿಗೆ ಹಾನಿಯಾಗದಿರಬೇಕಾದರೆ ಒಬ್ಬರು ವಾರಕ್ಕೆ ಸೇವಿಸಬಹುದಾದ ಮೀಥೈಲ್ ಪಾದರಸ ದೇಹದ ತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ. ಐವತ್ತು ಕಿಲೋ ತೂಕದ ಹೆಣ್ಣುಮಗಳಿಗೆ ಅದು ವಾರಕ್ಕೆ 80 ಮೈಕ್ರೋಗ್ರಾಂ. ಬೇಟೆಯಾಡದ ಮೀನುಗಳಿಗೆ ಅನೇಕ ಕಡೆ ಬಹುಕಾಲ ಬಳಕೆಯಲ್ಲಿದ್ದ ಮಿತಿ ಕಿಲೋಗೆ 0.5 ಮಿಲಿಗ್ರಾಂ, ಅಂದರೆ 500 ಮೈಕ್ರೋಗ್ರಾಂ. ಸರಿಯಾಗಿ ಆ ಮಿತಿಯಲ್ಲೇ ಇರುವ, ಅಂದರೆ ಮಾರಾಟಕ್ಕೆ ಯೋಗ್ಯವೆನಿಸುವ ಮೀನನ್ನು ಆಕೆ ವಾರಕ್ಕೆ 160 ಗ್ರಾಂ ತಿಂದರೆ ಆ 80 ಮೈಕ್ರೋಗ್ರಾಂ ಮುಗಿಯಿತು. ಮೈಸೂರಿನ ಪೇಟೆಯಲ್ಲಿ ಭಾನುವಾರ ಮಾತ್ರ ಮೀನು ಕೊಳ್ಳುವ ಮನೆಗೆ ಇದು ಸಾಕಾಗಬಹುದು. ದಿನವೂ ಮುದ್ದೆಯ ಜೊತೆ ಮೀನ್ ಸಾರು ಇರುವ ಬೆಸ್ತರ ಮನೆಯಲ್ಲಿ 160 ಗ್ರಾಂ ಒಂದು ದಿನದ ಊಟ. ಪೇಟೆಯ ಗ್ರಾಹಕನಿಗೆ ಸುರಕ್ಷಿತವಾದ ಮೀನು ಅದನ್ನು ಹಿಡಿದವನ ಹೆಂಡತಿಗೆ ಸುರಕ್ಷಿತವಾಗಿರಬೇಕೆಂದಿಲ್ಲ. ಹುಣಸೆ ಹುಳಿಯಲ್ಲಿ ಎಷ್ಟೇ ಕುದಿಸಿದರೂ, ಹುರಿದರೂ ಮೀಥೈಲ್ ಪಾದರಸ ಹೋಗುವುದಿಲ್ಲ, ಏಕೆಂದರೆ ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ಒಣಗಿಸಿದರೆ ನೀರಿನಂಶ ಹೋಗಿ ಗ್ರಾಂ ಲೆಕ್ಕದಲ್ಲಿ ಇನ್ನೂ ಹೆಚ್ಚುತ್ತದೆ.

ಆದರೂ ನಿಮ್ಮ ಹೆಂಡತಿ ಮೀನು ಬಿಡಬೇಕೆಂದು ನಾನು ಹೇಳುವುದಿಲ್ಲ. ಗರ್ಭಿಣಿಗೆ ಮೀನಿನಂಥ ಪ್ರೋಟೀನ್, ಮಗುವಿನ ಮೆದುಳಿಗೆ ಬೇಕಾದ ಕೊಬ್ಬಿನಾಮ್ಲ ಅಷ್ಟು ಅಗ್ಗವಾಗಿ ಬೇರೆಲ್ಲೂ ಸಿಗವು. ಭಯಪಟ್ಟು ಮೀನು ಬಿಟ್ಟು ಬರಿ ಮುದ್ದೆ, ತಿಳಿಸಾರಿನಲ್ಲಿ ಉಳಿದರೆ ಆಗುವ ನಷ್ಟ ಖಚಿತವಾದದ್ದು. ಹೆರಿಗೆಯಾಗುವವರೆಗೆ, ಮಗು ಹಾಲು ಕುಡಿಯುವವರೆಗೆ, ಆಯ್ಕೆ ಬದಲಾಗಲಿ. ಬಾಳೆ, ಕೊರವ ಮುಂತಾದ ಬೇಟೆಗಾರ ಮೀನುಗಳು, ಬಹಳ ದೊಡ್ಡದಾಗಿ ಬೆಳೆದ ಹಳೆಯ ಮೀನುಗಳು ಬೇಡ. ಸಣ್ಣ ವಯಸ್ಸಿನ ರೋಹು, ಕಾಟ್ಲಾ ಒಳ್ಳೆಯದು. ಸಾಧ್ಯವಾದರೆ ಕಾರ್ಖಾನೆಯ ನೀರು ಸೇರದ ಕೆರೆಯದ್ದು ಇನ್ನೂ ಒಳ್ಳೆಯದು. ತಳದ ಕೆಸರಿನಲ್ಲೇ ಮೇಯುವ ಮೃಗಾಲ್, ಕೆಸರು ಸೋಸಿ ತಿನ್ನುವ ಕಪ್ಪೆಚಿಪ್ಪು, ಏಡಿಯ ತಲೆಯೊಳಗಿನ ಹಳದಿ ಭಾಗ, ಇವುಗಳಲ್ಲಿ ಸೀಸ, ಕ್ಯಾಡ್ಮಿಯಂ ಹೆಚ್ಚು ಸೇರಿರುವ ಸಾಧ್ಯತೆಯಿದೆ, ಅವನ್ನು ಬಿಡಬೇಕು. ಕರುಳು, ಪಿತ್ತಜನಕಾಂಗ, ಕಿವಿರು ಪೂರ್ತಿ ತೆಗೆದು ಬಿಸಾಡಬೇಕು. ಇಡಿಯಾಗಿ ಹುರಿದು ತಿನ್ನುವ ಚಿಕ್ಕ ಮೀನಾದರೂ ಹೊಟ್ಟೆ ಸೀಳಿ ತೊಳೆದೇ ಮಾಡಬೇಕು. ನೀರು ಕಪ್ಪಾದ ದಿನಗಳಲ್ಲಿ ಮತ್ತು ಅದಾದ ಮೇಲೆ ಕೆಲವು ವಾರ ಆ ಭಾಗದ ಮೀನು ಆಕೆಗೆ ಬೇಡವೇ ಬೇಡ. ಮಗು ಹುಟ್ಟಿದ ಮೇಲೆ ಅದರ ಕಿವಿ ಪರೀಕ್ಷೆ ಮಾಡಿಸಿ. ಮಾತು ಬರುವ ವಯಸ್ಸಿನಲ್ಲಿ ಅನುಮಾನ ಬಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಲು ತಡಮಾಡಬೇಡಿ.

ನಿಮ್ಮ ತಂದೆಯವರ ಕೈಗಳ ವಿಷಯಕ್ಕೆ ಬರುತ್ತೇನೆ. ಪತ್ರ ಓದಿ ಚರ್ಮರೋಗ ಗುರುತಿಸುವುದು ಸರಿಯಲ್ಲ; ಆದರೆ ಯಾವುದನ್ನು ಗಮನಿಸಿ ವೈದ್ಯರಿಗೆ ಹೇಳಬೇಕೆಂದು ತಿಳಿಸಬಲ್ಲೆ. ಕಾಲ್ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ನೆನೆದು ಕಿತ್ತುಬರುತ್ತಿದ್ದರೆ ಅದು ಕೆಸರುಹುಣ್ಣು; ಯಾವ ಕಾರ್ಖಾನೆಯೂ ಇಲ್ಲದ ನದಿಯಲ್ಲೂ ಬರುತ್ತದೆ. ತೊಡೆಸಂದಿಯಲ್ಲಿ, ಸೊಂಟದ ಸುತ್ತ ಅಂಚು ಉಬ್ಬಿದ ಉಂಗುರದಂಥ ಕಲೆಗಳಿದ್ದರೆ ಹುಳುಕಡ್ಡಿ. ಇದಕ್ಕೆ ಅನೇಕರು ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಟ್ಯೂಬು ತಂದು ಹಚ್ಚುತ್ತಾರೆ. ನಾಲ್ಕು ದಿನ ತುರಿಕೆ ನಿಂತಂತಾಗಿ ಆಮೇಲೆ ಮೈತುಂಬ ಹರಡುತ್ತದೆ. ವರ್ಷವಿಡೀ ವಾಸಿಯಾಗುತ್ತಿಲ್ಲ ಎಂದು ನೀವು ಬರೆದಿರುವುದರಿಂದ ಅಂಥ ಟ್ಯೂಬು ಬಳಸುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಇನ್ನು ಬಲೆ ಹಿಡಿಯುವ ಅಂಗೈ, ಬೆರಳು, ಮುಂಗೈ, ಮೊಣಕಾಲಿನ ಕೆಳಗೆ ನೀರು ಮುಟ್ಟುವ ಗೆರೆಯವರೆಗೆ ಮಾತ್ರ ಕೆಂಪಾಗಿ ಬಿರಿಯುತ್ತಿದ್ದರೆ, ಎರಡು ಮೂರು ವಾರ ನದಿಗಿಳಿಯದಿದ್ದಾಗ ಕಡಿಮೆಯಾಗಿ ಇಳಿದ ಕೂಡಲೇ ಮರಳಿದರೆ, ನೀರಿನಲ್ಲಿರುವ ವಸ್ತುವಿಗೆ ಚರ್ಮ ಪ್ರತಿಕ್ರಿಯಿಸುತ್ತಿದೆ ಎನ್ನಬಹುದು. ಸ್ಪೆಂಟ್ ವಾಶ್ ಹುಳಿ ಗುಣದ್ದು, ಚರ್ಮವನ್ನು ಉರಿಸುತ್ತದೆ. ಗೆಣ್ಣುಗಳ ಮೇಲೆ ನೋವಿಲ್ಲದ, ರಂಧ್ರ ಕೊರೆದಂಥ ಆಳವಾದ ಹುಣ್ಣುಗಳಿದ್ದರೆ ಕ್ರೋಮಿಯಂ ಅನ್ನು ನೆನೆಯಬೇಕು. ಬೀಸುಬಲೆ ಹಾಕುವವರಿಗೆ ಕೈಗವಸು ಹಾಕಿಕೊಳ್ಳಿ ಎನ್ನುವುದು ಆಗದ ಮಾತು. ನೀರಿಗಿಳಿಯುವ ಮೊದಲು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ದಪ್ಪಗೆ ಸವರಿಕೊಳ್ಳುವುದು, ಬಂದ ಕೂಡಲೇ ಬೋರ್ ನೀರಿನಲ್ಲಿ ಸೋಪು ಹಾಕಿ ತೊಳೆದು ಒರೆಸುವುದು, ಬಲೆಯನ್ನೂ ಅದೇ ನೀರಿನಲ್ಲಿ ಜಾಲಿಸಿ ಒಣಗಿಸುವುದು, ಇಷ್ಟು ಮಾಡಿದರೂ ವ್ಯತ್ಯಾಸ ಕಾಣುತ್ತದೆ. ಕಪ್ಪು ನೊರೆ ಒಣಗಿ ಅಂಟಿಕೊಂಡ ನೈಲಾನ್ ಬಲೆಯನ್ನು ಮರುದಿನ ಬರಿಗೈಯಲ್ಲಿ ಬಿಡಿಸುವಾಗಲೂ ಅದೇ ಕಲ್ಮಶ ಮತ್ತೆ ಚರ್ಮಕ್ಕೆ ತಾಗುತ್ತದೆ.

ಒಂದು ಎಚ್ಚರಿಕೆ. ಕೈಗಾರಿಕೆಯ ನೀರಿನ ಜೊತೆ ಊರಿನ ಒಳಚರಂಡಿಯೂ ಸೇರುವ ನದಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಚಳಿಜ್ವರ ಬಂದು, ಮೀನಖಂಡ ವಿಪರೀತ ನೋಯುತ್ತಾ ಕಣ್ಣು ಕೆಂಪಾದರೆ ಅದು ಇಲಿಜ್ವರವಿರಬಹುದು. ತಡವಾದರೆ ಮೂತ್ರಪಿಂಡ, ಪಿತ್ತಜನಕಾಂಗ ಕೆಡುತ್ತವೆ. ಮೊದಲ ದಿನಗಳಲ್ಲೇ ಹಿಡಿದರೆ ಅಗ್ಗದ ಮಾತ್ರೆಗಳಲ್ಲಿ ಗುಣವಾಗುತ್ತದೆ. ನದಿಯಲ್ಲಿ ಕೆಲಸ ಎಂಬ ಮಾತನ್ನು ವೈದ್ಯರಿಗೆ ನೀವೇ ಹೇಳಬೇಕು, ಅವರು ಕೇಳದಿದ್ದರೂ.

ಎಲ್ಲರ ರಕ್ತ ಪರೀಕ್ಷೆ ಬೇಕೇ ಎಂದು ಕೇಳಿದ್ದೀರಿ. ಹತ್ತಾರು ಲೋಹಗಳನ್ನು ಒಟ್ಟಿಗೆ ಅಳೆಯುವ ದುಬಾರಿ ಪ್ಯಾಕೇಜುಗಳಿಗೆ ಈಗಲೇ ಹಣ ಸುರಿಯಬೇಡಿ. ಮೊದಲು ಮೀನನ್ನು ಪರೀಕ್ಷಿಸಿ, ಅದರಲ್ಲಿ ಏನು ಸಿಕ್ಕಿತೋ ಅದಕ್ಕೆ ತಕ್ಕಂತೆ ಮನುಷ್ಯರ ಪರೀಕ್ಷೆ ಮಾಡಿಸುವುದು ವಿವೇಕ. ಸೀಸಕ್ಕೆ ರಕ್ತ ಪರೀಕ್ಷೆ. ಮಕ್ಕಳಲ್ಲಿ ಇದಕ್ಕೆ ಸುರಕ್ಷಿತ ಮಟ್ಟವೆಂಬುದು ಇಲ್ಲ, ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀಥೈಲ್ ಪಾದರಸಕ್ಕೆ ರಕ್ತ ಅಥವಾ ತಲೆಗೂದಲು. ನೀಗಾಟದಲ್ಲಿ ಕುಟುಂಬಗಳ ಕೂದಲನ್ನೇ ಪರೀಕ್ಷಿಸಿದರು. ಕ್ಯಾಡ್ಮಿಯಂಗೆ ಮೂತ್ರ, ಅದು ಮೂತ್ರಪಿಂಡದಲ್ಲಿ ಕೂತರೆ ಅರ್ಧದಷ್ಟು ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ವರದಿಯಲ್ಲಿ ಯಾವುದೋ ಅಂಕಿ ಕೆಂಪಾಗಿದೆ ಎಂದು ವಿಷ ತೆಗೆಯುವ ಔಷಧಿಯನ್ನು ತಜ್ಞರ ನಿಗಾ ಇಲ್ಲದೆ ತೆಗೆದುಕೊಳ್ಳುವುದು ಅಪಾಯ. ಒಬ್ಬಿಬ್ಬರ ವರದಿಗಿಂತ ಕಾರ್ಖಾನೆಯ ಮೇಲಿನ ಒಂದು ಊರು, ಕೆಳಗಿನ ಒಂದು ಊರು, ಎರಡೂ ಕಡೆಯ ಮೀನುಗಾರ ಕುಟುಂಬಗಳನ್ನು ಹೋಲಿಸಿದ ಸಮೀಕ್ಷೆ ಹೆಚ್ಚು ಹೇಳುತ್ತದೆ. ಮಂಡ್ಯದ ಅಥವಾ ಮೈಸೂರಿನ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ನಿಮ್ಮ ಮೀನುಗಾರರ ಸಹಕಾರ ಸಂಘದಿಂದ ಲಿಖಿತ ಮನವಿ ಹೋದರೆ ಒಳ್ಳೆಯದು. ಮೀನಿನ ಪರೀಕ್ಷೆಗೆ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅಥವಾ ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯವನ್ನು ವಿಚಾರಿಸಬಹುದು.

ಮುಂದಿನ ಬಾರಿ ನೀರು ಕಪ್ಪಾಗಿ ಬಂದಾಗ ಮೊದಲ ಕೆಲವು ಗಂಟೆಗಳೇ ಮುಖ್ಯ. ಮಾರನೆಯ ದಿನ ಬಂದವರಿಗೆ ಸ್ವಚ್ಛ ನೀರು, ಕೊಳೆತ ಮೀನು ಮಾತ್ರ ಸಿಗುತ್ತವೆ. ಕೂಡಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಮೀನುಗಾರಿಕೆ ಇಲಾಖೆಗೆ, ತಹಶೀಲ್ದಾರರಿಗೆ ಫೋನ್ ಮಾಡಿ, ಅದನ್ನೇ ಬರಹದಲ್ಲೂ ಕಳಿಸಿ, ಕಳಿಸಿದ ಸಮಯ ಬರೆದಿಟ್ಟುಕೊಳ್ಳಿ. ಅವರು ಬರುವ ತನಕ ಸುಮ್ಮನಿರಬೇಡಿ. ಚೆನ್ನಾಗಿ ತೊಳೆದ ಬಾಟಲಿಯನ್ನು ಅದೇ ನದಿನೀರಿನಲ್ಲಿ ಎರಡು ಮೂರು ಸಲ ಜಾಲಿಸಿ, ಮೊಣಕೈ ಆಳಕ್ಕೆ ಮುಳುಗಿಸಿ, ಬಾಯನ್ನು ಹರಿವಿಗೆ ಎದುರಾಗಿ ಹಿಡಿದು, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತುಂಬಿಸಿ ನೀರಿನೊಳಗೇ ಮುಚ್ಚಳ ಹಾಕಿ. ಕಪ್ಪು ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು ಬೇಕು. ಮೇಲಿನದಿಲ್ಲದೆ ಕೆಳಗಿನದಕ್ಕೆ ಬೆಲೆಯಿಲ್ಲ. ಇನ್ನೂ ಮಿಸುಕುತ್ತಿರುವ, ಕಿವಿರು ಕೆಂಪಾಗಿರುವ ಮೀನನ್ನು ಬೇರೆ ಬೇರೆ ಪಾಲಿಥೀನ್ ಚೀಲದಲ್ಲಿ ಕಟ್ಟಿ ಐಸಿನಲ್ಲಿಡಿ. ಬಾಟಲಿ, ಚೀಲಗಳ ಮೇಲೆ ಜಾಗ, ದಿನ, ಗಂಟೆ ಬರೆದು ಊರಿನ ಇಬ್ಬರ ಸಹಿ ಹಾಕಿಸಿ. ಇದು ನಿಮ್ಮ ತಿಳಿವಳಿಕೆಗೆ. 1974ರ ಜಲ ಮಾಲಿನ್ಯ ಕಾಯ್ದೆಯಂತೆ ಕಾರ್ಖಾನೆಯ ತ್ಯಾಜ್ಯದ ಮಾದರಿ ಪುರಾವೆಯಾಗಿ ನಿಲ್ಲಬೇಕಾದರೆ ಮಂಡಳಿಯ ಅಧಿಕಾರಿ ಕ್ರಮಬದ್ಧವಾಗಿ, ಕಾರ್ಖಾನೆಯವರಿಗೆ ನೋಟಿಸು ಕೊಟ್ಟು ತೆಗೆದದ್ದೇ ಆಗಬೇಕು. ಆದ್ದರಿಂದ ಅವರು ಬಂದಾಗ ಸಂಘದ ಒಬ್ಬರು ಜೊತೆಗಿದ್ದು, ಮಹಜರು ಬರೆಸಿ, ಪ್ರತಿ ಕೇಳಿ ಪಡೆಯಿರಿ.

ಮಳೆಗಾಲಕ್ಕೆ ಮುಂಚೆಯೇ ಮಾಡಬಹುದಾದ ಕೆಲಸವೂ ಇದೆ. ಪ್ರತಿ ಕಾರ್ಖಾನೆಗೂ ಮಂಡಳಿ ಷರತ್ತುಬದ್ಧ ಸಮ್ಮತಿಪತ್ರ ಕೊಟ್ಟಿರುತ್ತದೆ. ಎಷ್ಟು ನೀರು, ಯಾವ ಮಟ್ಟದ ಕಲ್ಮಶ, ಎಲ್ಲಿಗೆ ಬಿಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅದರ ಪ್ರತಿಯನ್ನೂ, ಹಿಂದಿನ ವರ್ಷಗಳ ತಪಾಸಣಾ ವರದಿಗಳನ್ನೂ ಕೇಳಿ. ಸಕ್ಕರೆ, ಡಿಸ್ಟಿಲರಿ, ಕಾಗದ, ಔಷಧಿ, ಬಣ್ಣ ಸೇರಿದಂತೆ ಅತಿ ಮಾಲಿನ್ಯಕಾರಿ ಎನಿಸಿದ 17 ಬಗೆಯ ಕೈಗಾರಿಕೆಗಳು ತ್ಯಾಜ್ಯವನ್ನು ಸತತವಾಗಿ ಅಳೆಯುವ ಆನ್‌ಲೈನ್ ಯಂತ್ರಗಳನ್ನು ಇಟ್ಟಿರಬೇಕು. ಮೀನು ಸತ್ತ ದಿನದ ಹಿಂದಿನ ಮೂರು ದಿನಗಳ ದಾಖಲೆಯನ್ನು ಹೆಸರಿಸಿ ಕೇಳಬಹುದು.

ಕೊನೆಯದಾಗಿ ಸಹಿಯ ಮಾತು. ಮಿನಮಾಟದಲ್ಲಿ 1959ರ ಡಿಸೆಂಬರ್ 30ರಂದು ರೋಗಿಗಳ ಕುಟುಂಬಗಳು ಕಾರ್ಖಾನೆಯಿಂದ ಸಾಂತ್ವನ ಧನವೆಂಬ ಸಣ್ಣ ಮೊತ್ತ ಪಡೆದು ಒಪ್ಪಂದಕ್ಕೆ ಸಹಿ ಹಾಕಿದರು. ಮುಂದೆ ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ತಿಳಿದುಬಂದರೂ ಹೊಸ ಪರಿಹಾರ ಕೇಳಬಾರದು ಎಂಬ ಕರಾರು ಅದರಲ್ಲಿತ್ತು. ಹೊಟ್ಟೆಪಾಡಿಲ್ಲದೆ, ಮೀನು ಕೊಳ್ಳುವವರಿಲ್ಲದೆ ಕಂಗೆಟ್ಟಿದ್ದ ಜನ ಅವರು. ಕುಮಮೊಟೊ ಜಿಲ್ಲಾ ನ್ಯಾಯಾಲಯ ಆ ಒಪ್ಪಂದವನ್ನು ಅನೂರ್ಜಿತಗೊಳಿಸಿದ್ದು 1973ರ ಮಾರ್ಚಿನಲ್ಲಿ, ಹದಿಮೂರು ವರ್ಷಗಳ ನಂತರ. ಸತ್ತ ಮೀನಿನ ಬೆಲೆಯೆಂದು ಯಾರಾದರೂ ಹಣ ಕೊಟ್ಟರೆ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ರಸೀದಿಯಲ್ಲಿ ಇಂಥ ದಿನದ ಮೀನಿನ ನಷ್ಟಕ್ಕೆ ಮಾತ್ರ ಎಂದಿರಲಿ. ಆರೋಗ್ಯ, ಮುಂದಿನ ನಷ್ಟ, ಇನ್ನು ಯಾವ ಹಕ್ಕೂ ಇಲ್ಲ ಎಂಬ ಸಾಲುಗಳಿದ್ದರೆ ವಕೀಲರಿಗೆ ತೋರಿಸದೆ ಹೆಬ್ಬೆಟ್ಟನ್ನೂ ಒತ್ತಬೇಡಿ. ಮಾಲಿನ್ಯ ಮಾಡಿದವರೇ ನಷ್ಟ ತುಂಬಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಈ ನೆಲದ ಕಾನೂನಿನ ಭಾಗವೆಂದು ಒಪ್ಪಿದೆ. 2010ರ ಕಾಯ್ದೆಯಡಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಆರೋಗ್ಯ ಹಾನಿಗೂ ಜೀವನೋಪಾಯದ ನಷ್ಟಕ್ಕೂ ಪರಿಹಾರ ಕೇಳಬಹುದು; ನಮ್ಮ ರಾಜ್ಯಕ್ಕೆ ಸಂಬಂಧಿಸಿದ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಹಾನಿಗೆ ಕಾರಣವಾದ ಘಟನೆ ಮೊದಲು ಸಂಭವಿಸಿದ ದಿನದಿಂದ ಐದು ವರ್ಷದೊಳಗೆ ಅರ್ಜಿ ಹೋಗಬೇಕು. ಪ್ರತಿವರ್ಷ ಎಂದು ಬರೆದಿದ್ದೀರಿ. ಮೊದಲ ಬಾರಿ ಮೀನು ಸತ್ತದ್ದು ಯಾವ ವರ್ಷ, ಅದಕ್ಕೆ ಸಂಘದ ದಾಖಲೆಯಲ್ಲಾಗಲಿ ಪತ್ರಿಕೆಯಲ್ಲಾಗಲಿ ಆಧಾರವಿದೆಯೇ ಎಂಬುದನ್ನು ಈ ವಾರವೇ ಹುಡುಕಿ, ವಕೀಲರ ಬಳಿಗೆ ಹೋಗುವಾಗ ಆ ಕಾಗದಗಳನ್ನು ಕೊಂಡೊಯ್ಯಿರಿ.